ಮಕ್ಕಳ ಕೈಯಲ್ಲಿ ಮೊಬೈಲ್: ಎಷ್ಟು ನೆರಳು, ಎಷ್ಟು ಬಿಸಿಲು

ಮುಂಗಾರು ಜೋರಾಗಿ ಹಿಡಿದುಕೊಂಡಿತೆಂದರೆ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಶಾಲೆಗಳಿಗೆ ಮಳೆ ರಜೆ ಕೊಡುತ್ತಾರೆ. ಹಳ್ಳ ತುಂಬಿ, ಮರ ಬಿದ್ದು ದಾರಿ ಮುಚ್ಚಿದ ಅಂಥ ದಿನಗಳಲ್ಲಿ ಮಕ್ಕಳನ್ನು ಅಂಗಳಕ್ಕೂ ಬಿಡುವಂತಿರುವುದಿಲ್ಲ. ದೊಡ್ಡವರು ತೋಟ, ಕೊಟ್ಟಿಗೆ, ಅಡುಗೆಮನೆ ಎಂದು ಓಡಾಡುತ್ತಿರುವಾಗ ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತ ಮಗುವಿನ ಕೈಗೆ ಮೊಬೈಲ್ ಬಂದಿರುತ್ತದೆ. ‘ಮಕ್ಕಳನ್ನು ಸಂಜೆ ಪಾರ್ಕಿಗೆ ಕರೆದೊಯ್ಯಿರಿ’ ಎನ್ನುವ ನಗರದ ಸಲಹೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಭಾಗದಲ್ಲಿ ಇಬ್ಬರು ಮಕ್ಕಳನ್ನು ಬೆಳೆಸುತ್ತಿರುವ ತಾಯಿಯಾಗಿ, ನಮ್ಮ ಕಡೆಯ ಮನೆಗಳಿಗೆ ಹೊಂದುವ ಮೇಲ್ವಿಚಾರಣೆ ಹೇಗಿರಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಮಾತು. ನಮ್ಮಲ್ಲಿ ಬಹಳಷ್ಟು ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿದ ಕೂಡಲೇ ಪಿಯುಸಿಗೆಂದು ಹಾಸನ, ಮೂಡುಬಿದಿರೆ, ಮಂಗಳೂರುಗಳ ಹಾಸ್ಟೆಲ್ಲುಗಳಿಗೆ ಹೊರಡುತ್ತಾರೆ. ಆಗ ಅವರಿಗೆ ಹದಿನೈದೋ ಹದಿನಾರೋ ವರ್ಷ. ಹತ್ತನೇ ತರಗತಿಯವರೆಗೆ ‘ಮೊಬೈಲ್ ಮುಟ್ಟಬೇಡ’ ಎಂದು ಗದರಿಸಿಕೊಂಡೇ ಬೆಳೆದ ಮಗುವಿಗೆ, ಮನೆಗೆ ಫೋನ್ ಮಾಡಲು ಬೇಕೆಂಬ ಕಾರಣಕ್ಕೆ, ಒಂದು ದಿನ ಹೊಸ ಸ್ಮಾರ್ಟ್‌ಫೋನನ್ನೂ ದಿನಕ್ಕಿಷ್ಟು ಜಿಬಿ ಎಂಬ ಡೇಟಾ ಪ್ಯಾಕನ್ನೂ ಕೊಟ್ಟು ಬಸ್ಸು ಹತ್ತಿಸುತ್ತೇವೆ. ಆದ್ದರಿಂದ ಮೇಲ್ವಿಚಾರಣೆ ಸರಿಯಾಗಿತ್ತೇ ಎಂಬುದು ತಿಳಿಯುವುದು ಅದು ನಡೆಯುತ್ತಿದ್ದ ವರ್ಷಗಳಲ್ಲಲ್ಲ, ಅದಿಲ್ಲದ ಮೊದಲ ವಾರದಲ್ಲಿ. ಮುಂದೆ ಹೇಳುವುದನ್ನೆಲ್ಲ ಈ ಗಡುವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೇಳುತ್ತಿದ್ದೇನೆ.

ಮಗುವಿನ ಕೈಯಲ್ಲಿರುವ ವಸ್ತು ಹೇಗೆ ಕೆಲಸ ಮಾಡುತ್ತದೆಂದು ತಿಳಿಯದೆ ಅದನ್ನು ನಿಯಂತ್ರಿಸಲು ಹೊರಟರೆ ಜಗಳವಷ್ಟೇ ಉಳಿಯುತ್ತದೆ. ನಾಲ್ಕು ವರ್ಷದ ಮಗು ಜೆಸಿಬಿ ಮಣ್ಣು ತೆಗೆಯುವ ವಿಡಿಯೊ ನೋಡುತ್ತದೆ ಎಂದುಕೊಳ್ಳೋಣ. ಯಾವ ವಿಡಿಯೊದ ಮುಂದೆ ಎಷ್ಟು ಸೆಕೆಂಡು ನಿಂತಿತು, ಯಾವುದನ್ನು ಬೆರಳಿನಿಂದ ಮೇಲೆ ತಳ್ಳಿತು, ಯಾವುದನ್ನು ಎರಡನೇ ಬಾರಿ ನೋಡಿತು ಎಂಬುದನ್ನೆಲ್ಲ ಆ್ಯಪ್ ಲೆಕ್ಕ ಇಡುತ್ತದೆ. ಹಾಗೆಯೇ ನೋಡಿದ ಇತರ ಲಕ್ಷಾಂತರ ಜನರು ಮುಂದೆ ಏನು ನೋಡಿದರೆಂಬುದರೊಂದಿಗೆ ಅದನ್ನು ಹೋಲಿಸಿ, ಮಗು ಕೇಳುವ ಮೊದಲೇ ಮುಂದಿನದನ್ನು ಎದುರಿಗಿಡುತ್ತದೆ. ಈ ಲೆಕ್ಕಾಚಾರದ ಗುರಿ ಮಗುವನ್ನು ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸುವುದು. ವಿಡಿಯೊ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಅದಕ್ಕೆ ಎರಡನೆಯದು. ಹತ್ತು ನಿಮಿಷದ ಹೊತ್ತಿಗೆ ಜೆಸಿಬಿ ಹೋಗಿ, ಯಾರೋ ಯಾರನ್ನೋ ಹೆದರಿಸುವ ದೃಶ್ಯ ಬಂದಿದ್ದರೆ ಅದನ್ನು ಮಗು ಹುಡುಕಿಕೊಂಡು ಹೋದದ್ದಲ್ಲ.

ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಹಿಂದೆ ಟಿವಿಯಲ್ಲಿ ಕಾರ್ಯಕ್ರಮ ಮುಗಿಯುತ್ತಿತ್ತು, ವಾರ್ತೆ ಶುರುವಾಗುತ್ತಿತ್ತು, ಮಕ್ಕಳು ಎದ್ದು ಹೋಗುತ್ತಿದ್ದರು. ರೀಲ್ಸ್ ಮತ್ತು ಶಾರ್ಟ್ಸ್ ಎಂಬ ಚಿಕ್ಕ ವಿಡಿಯೊಗಳ ಸಾಲಿಗೆ ಮುಗಿಯುವ ಜಾಗವೇ ಇಲ್ಲ. ಹತ್ತರಲ್ಲಿ ಎಂಟು ನೀರಸವಾಗಿದ್ದು ಒಂದೋ ಎರಡೋ ಬಹಳ ಚೆನ್ನಾಗಿದ್ದಾಗ, ಆ ಒಂದು ಯಾವಾಗ ಬರುತ್ತದೋ ಎಂಬ ನಿರೀಕ್ಷೆಯೇ ಬೆರಳನ್ನು ಆಡಿಸುತ್ತಿರುತ್ತದೆ. ಪ್ರತಿ ಬಾರಿಯೂ ಸಿಗುವ ಬಹುಮಾನಕ್ಕಿಂತ ಯಾವಾಗಲೋ ಒಮ್ಮೆ ಸಿಗುವ ಬಹುಮಾನಕ್ಕಾಗಿ ಜೀವಿಗಳು ಹೆಚ್ಚು ಹೊತ್ತು ಪ್ರಯತ್ನಿಸುತ್ತಲೇ ಇರುತ್ತವೆಂಬುದನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಳೆದ ಶತಮಾನದಲ್ಲೇ ತೋರಿಸಿದ್ದರು. ಜೂಜಿನ ಯಂತ್ರಗಳು ನಡೆಯುವುದೂ ಇದೇ ತತ್ವದ ಮೇಲೆ. ಫೋನ್ ಕಿತ್ತುಕೊಂಡಾಗ ಮಗು ನೆಲಕ್ಕೆ ಬಿದ್ದು ಹೊರಳಾಡುವುದನ್ನು ನಾವು ಹಟ ಎನ್ನುತ್ತೇವೆ. ಆದರೆ ಮಧ್ಯದಲ್ಲಿ ಕಡಿದಂತಾಗದೆ ನಿಲ್ಲಿಸಬಹುದಾದ ಜಾಗವೊಂದು ಅದರಲ್ಲಿ ಇರುವುದೇ ಇಲ್ಲ. ಆದ್ದರಿಂದ ಚಿಕ್ಕ ಮಕ್ಕಳಿಗೆ ‘ಅರ್ಧ ಗಂಟೆ’ ಎನ್ನುವುದಕ್ಕಿಂತ ‘ಈ ಒಂದು ಕಥೆ ಮುಗಿಯುವವರೆಗೆ’ ಎಂದು ಹೇಳಿ, ಮುಗಿಯುವ ಕಥೆಯನ್ನೇ ಆರಿಸಿ ಕೊಟ್ಟು, ತಾನಾಗಿ ಮುಂದಿನದಕ್ಕೆ ಹಾರುವ ಆಟೊಪ್ಲೇಯನ್ನು ಆಫ್ ಮಾಡಿಡುವುದು ಉತ್ತಮ. ನಮ್ಮ ಮನೆಯಲ್ಲಿ ಕಿರಿಯವನ ಅಳು ಅರ್ಧ ಕಡಿಮೆಯಾದದ್ದು ಈ ಒಂದು ಬದಲಾವಣೆಯಿಂದ.

ಸಮಯದ ಲೆಕ್ಕಕ್ಕೆ ವೈದ್ಯರ ಮಾರ್ಗಸೂಚಿಗಳಿವೆ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ: ಎರಡು ವರ್ಷದವರೆಗೂ ಪರದೆ ಬೇಡ, ಎರಡರಿಂದ ಐದು ವರ್ಷದವರಿಗೆ ದೊಡ್ಡವರು ಜೊತೆಗಿದ್ದು ಒಂದು ಗಂಟೆಯೊಳಗೆ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ. ದೂರದ ಊರಿನಲ್ಲಿರುವ ಅಜ್ಜ ಅಜ್ಜಿಯರೊಂದಿಗೆ ಮಗು ವಿಡಿಯೊ ಕರೆಯಲ್ಲಿ ಮಾತನಾಡುವುದನ್ನು ವೈದ್ಯರು ಸಾಮಾನ್ಯವಾಗಿ ಈ ನಿಷೇಧದಿಂದ ಹೊರಗಿಡುತ್ತಾರೆ. ತುತ್ತು ತಿನ್ನಿಸುವಾಗ ಮೊಬೈಲ್ ತೋರಿಸುವ ರೂಢಿ ಮಾತ್ರ ಯಾವ ಲೆಕ್ಕದಲ್ಲೂ ಸರಿಯಲ್ಲ; ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಗಮನಿಸುವ ಅಭ್ಯಾಸವೇ ಅದರಿಂದ ಮಗುವಿಗೆ ತಪ್ಪಿಹೋಗುತ್ತದೆ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಗಂಟೆಗಳಿಗಿಂತ, ಆ ಗಂಟೆಗಳು ಯಾವುದನ್ನು ನುಂಗಿದವು ಎಂದು ನೋಡುವುದು ಮುಖ್ಯವೆಂದು ನನಗನ್ನಿಸುತ್ತದೆ. ಎಲ್ಲಕ್ಕಿಂತ ಮೊದಲು ಹೋಗುವುದು ನಿದ್ರೆ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಬೆಳಿಗ್ಗೆ ಆರೂವರೆಗೆ ಎದ್ದು ಶಾಲೆಯ ಬಸ್ಸಿಗಾಗಿ ಕ್ರಾಸಿನವರೆಗೆ ನಡೆಯಬೇಕಾದ ಮಗು ರಾತ್ರಿ ಹನ್ನೊಂದೂವರೆಯವರೆಗೆ ಹಾಸಿಗೆಯಲ್ಲಿ ರೀಲ್ಸ್ ನೋಡಿದರೆ ಲೆಕ್ಕ ಎಲ್ಲಿ ತಪ್ಪಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟ್ ಹೋದ ಕತ್ತಲೆ ಕೋಣೆಯಲ್ಲಿ ಪರದೆಯ ಬೆಳಕೊಂದೇ ಉಳಿಯುವುದು ಮಲೆನಾಡಿನ ಮಳೆಗಾಲದ ಸಾಮಾನ್ಯ ದೃಶ್ಯ. ಕಣ್ಣಿಗೂ ನಿದ್ರೆಗೂ ಅದು ಹಿತವಲ್ಲ. ಇಡೀ ಮನೆಗೆ ಒಂದೇ ನಿಯಮ ಮಾಡಲು ಸಾಧ್ಯವಿದ್ದರೆ ನಾನು ಆರಿಸುವುದು ಇದನ್ನು: ರಾತ್ರಿ ಊಟವಾದ ಮೇಲೆ ಎಲ್ಲರ ಮೊಬೈಲ್‌ಗಳೂ, ಅಪ್ಪ ಅಮ್ಮನದೂ ಸೇರಿ, ಹಜಾರದ ಕಪಾಟಿನ ಮೇಲೆ ಚಾರ್ಜಿಗೆ ಹೋಗಬೇಕು. ‘ಅಲಾರಂ ಬೇಕು’ ಎಂಬ ನೆಪಕ್ಕೆ ಪ್ರತಿಯಾಗಿ ನಾವು ಪೇಟೆಯಿಂದ ಕೀಲಿ ಕೊಡುವ ಅಲಾರಂ ಗಡಿಯಾರವೊಂದನ್ನು ತಂದೆವು.

ಈಗ ನಮ್ಮ ಕಡೆ ಹೆಚ್ಚಿನವರ ಗಮನಕ್ಕೆ ಬಾರದ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. 2020ರಲ್ಲಿ ಶಾಲೆಗಳು ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ, ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಕೊಡೆ ಹಿಡಿದು ಕುಳಿತ ಮಕ್ಕಳ ಕೈಗೆ ಕೊಟ್ಟದ್ದು ಅಪ್ಪನದೋ ಅಮ್ಮನದೋ ಫೋನನ್ನು. ಪಾಠ ಶಾಲೆಗೆ ಮರಳಿದರೂ ಆ ರೂಢಿ ಉಳಿದುಕೊಂಡಿತು. ಹೋಂವರ್ಕ್ ಇಂದಿಗೂ ವಾಟ್ಸಾಪ್ ಗುಂಪಿಗೇ ಬರುತ್ತದೆ. ಹೀಗೆ ದೊಡ್ಡವರ ಫೋನನ್ನು ಬಳಸುವ ಮಗು ಇಂಟರ್‌ನೆಟ್ಟಿನ ಕಣ್ಣಿಗೆ ನಲವತ್ತು ವರ್ಷದ ವ್ಯಕ್ತಿ. ಯೂಟ್ಯೂಬ್, ಗೂಗಲ್, ಇನ್‌ಸ್ಟಾಗ್ರಾಂಗಳಲ್ಲಿ ಮಕ್ಕಳಿಗೆಂದು ಇರುವ ರಕ್ಷಣೆಗಳು ಮುಖ್ಯವಾಗಿ ಖಾತೆಯಲ್ಲಿ ನಮೂದಾದ ಜನ್ಮವರ್ಷವನ್ನು ಅವಲಂಬಿಸಿವೆ. ವಯಸ್ಕರ ಖಾತೆಯಲ್ಲಿ ಅವು ತಾವಾಗಿ ಕೆಲಸ ಮಾಡುವುದಿಲ್ಲ. ಅದೇ ಫೋನಿನಲ್ಲಿ ಅಪ್ಪನ ಬ್ಯಾಂಕ್ ಆ್ಯಪ್, ಯುಪಿಐ, ಊರಿನ ಹತ್ತಾರು ಗುಂಪುಗಳಿಗೆ ಬರುವ ಸೋಸದ ವಿಡಿಯೊಗಳೂ ಇರುತ್ತವೆ.

ಇದಕ್ಕಿಂತ ಕೆಡುಕಿನದು, ಮಗು ಕೇಳಿತೆಂದು ನಾವೇ ಸುಳ್ಳು ಜನ್ಮವರ್ಷ ಹಾಕಿ ಖಾತೆ ತೆರೆದುಕೊಡುವುದು. ಹೆಚ್ಚಿನ ಸಾಮಾಜಿಕ ಜಾಲತಾಣಗಳು ಕನಿಷ್ಠ 13 ವರ್ಷ ಕೇಳುತ್ತವೆ. ಹತ್ತು ವರ್ಷದ ಹುಡುಗಿಗೆ 2000ನೇ ಇಸವಿಯ ಹುಟ್ಟುದಿನ ಹಾಕಿದರೆ ಹದಿಮೂರರ ಬೇಲಿ ಮಾತ್ರವಲ್ಲ, ಹದಿನೆಂಟರವರೆಗಿನ ಎಲ್ಲ ಬೇಲಿಗಳನ್ನೂ ಒಂದೇ ಏಟಿಗೆ ಕಿತ್ತಂತೆ. ಇನ್‌ಸ್ಟಾಗ್ರಾಂ ಹದಿಹರೆಯದವರ ಖಾತೆಯನ್ನು ತಾನಾಗಿ ಖಾಸಗಿಯಾಗಿಡುತ್ತದೆ, ಅಪರಿಚಿತರ ಸಂದೇಶಗಳನ್ನು ತಡೆಯುತ್ತದೆ, ರಾತ್ರಿ ಸೂಚನೆಗಳನ್ನು ನಿಲ್ಲಿಸುತ್ತದೆ, ಹದಿನಾರಕ್ಕಿಂತ ಚಿಕ್ಕವರು ಇವನ್ನು ಸಡಿಲಿಸಲು ಪೋಷಕರ ಅನುಮತಿ ಕೇಳುತ್ತದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಅವರ ಚಲನವಲನದ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನು ನಿರ್ಬಂಧಿಸುತ್ತದೆ. ಸುಳ್ಳು ಇಸವಿಯ ಮುಂದೆ ಇವೆಲ್ಲವೂ ನಿರರ್ಥಕವಾಗುತ್ತವೆ. ಈಗಾಗಲೇ ಹಾಗೆ ಮಾಡಿದ್ದರೆ ಇಂದು ಸಂಜೆಯೇ ಕುಳಿತು ಸರಿಪಡಿಸುವುದು ಒಳಿತು.

ಬೀಗಗಳ ವಿಷಯವನ್ನು ಚುಟುಕಾಗಿ ಹೇಳಬಹುದು. ಆ್ಯಂಡ್ರಾಯ್ಡ್ ಫೋನಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ಮಗುವಿನ ಹೆಸರಿನಲ್ಲೇ ಖಾತೆ ತೆರೆದು, ಹೊಸ ಆ್ಯಪ್ ಹಾಕಲು ನಮ್ಮ ಅನುಮತಿ ಕೇಳುವಂತೆಯೂ, ದಿನದ ಮಿತಿ ಮುಗಿದಾಗ ಅಥವಾ ಮಲಗುವ ಹೊತ್ತಿಗೆ ಫೋನ್ ತಾನಾಗಿ ಬೀಗ ಹಾಕಿಕೊಳ್ಳುವಂತೆಯೂ ಅದರಲ್ಲಿ ಮಾಡಬಹುದು. ಐಫೋನಿನಲ್ಲಿ ಇದೇ ಕೆಲಸವನ್ನು ಸ್ಕ್ರೀನ್ ಟೈಮ್ ಮಾಡುತ್ತದೆ. ಯೂಟ್ಯೂಬ್ ಕಿಡ್ಸ್‌ನಲ್ಲಿ ಹುಡುಕುವ ಸೌಲಭ್ಯವನ್ನು ಮುಚ್ಚಿ, ನಾವು ಆರಿಸಿದ ವಿಡಿಯೊಗಳು ಮಾತ್ರ ಕಾಣುವಂತೆ ಇಡಬಹುದು. ಮನೆಯಲ್ಲಿರುವುದು ಒಂದೇ ಫೋನಾಗಿದ್ದರೆ, ಸೆಟ್ಟಿಂಗ್ಸ್‌ನಲ್ಲಿರುವ ಆ್ಯಪ್ ಪಿನ್ನಿಂಗ್ ಎಂಬುದನ್ನು ಕಲಿತುಕೊಳ್ಳಿ. ಹೊರಬರುವಾಗ ಪಾಸ್‌ವರ್ಡ್ ಕೇಳುವ ಆಯ್ಕೆಯನ್ನೂ ಅದರಲ್ಲಿ ಆನ್ ಮಾಡಿದರೆ, ತೆರೆದುಕೊಟ್ಟ ಒಂದು ಆ್ಯಪ್ ಬಿಟ್ಟು ಬೇರೆಡೆಗೆ ಹೋಗಲು ಪಾಸ್‌ವರ್ಡ್ ಬೇಕಾಗುತ್ತದೆ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ, ಸಣ್ಣ ಮೊತ್ತಕ್ಕೆ ಪಿನ್ ಕೇಳದ ಯುಪಿಐ ಲೈಟ್ ಅನ್ನು ಮಗು ಬಳಸುವ ಫೋನಿನಲ್ಲಿ ಇಡಬೇಡಿ. ಅಂಗಡಿಗೆ ಕಳಿಸುವಾಗ ಅನುಕೂಲವೆಂದು ಯುಪಿಐ ಪಿನ್ ಹೇಳಿಕೊಟ್ಟಿರುವ ಮನೆಗಳನ್ನು ನಾನು ಕಂಡಿದ್ದೇನೆ. ಪಿನ್ ಹೇಳುವ ಬದಲು ಐವತ್ತು ರೂಪಾಯಿಯ ನೋಟು ಕೊಡುವುದು ಕ್ಷೇಮ.

ಬೀಗದಿಂದ ಆಗದ್ದು ಬಹಳವಿದೆ. ಫ್ಯಾಮಿಲಿ ಲಿಂಕ್ ಮಗುವಿನ ಸಂದೇಶಗಳನ್ನು ನಮಗೆ ಓದಿಸುವುದಿಲ್ಲ, ಗೆಳೆಯನ ಮನೆಯ ಫೋನಿಗೆ ಅದು ತಲುಪುವುದೂ ಇಲ್ಲ. ಇನ್ನು ನಮ್ಮ ಊರುಗಳ ಭೂಗೋಳವೇ ಬೇರೆ. ಮನೆಯೊಳಗೆ ಸಿಗ್ನಲ್ ಸಿಗದ ಕಡೆ ಮಕ್ಕಳು ತೋಟದ ಏರಿಗೋ ಗೇಟಿನ ಹತ್ತಿರದ ಕಟ್ಟೆಗೋ ಹೋಗಿ ಕೂರುತ್ತಾರೆ. ಅಲ್ಲಿ ಯಾರೂ ನೋಡುವವರಿಲ್ಲ. ಮೇಲ್ವಿಚಾರಣೆಯ ದೃಷ್ಟಿಯಿಂದ, ಸಾಧ್ಯವಿರುವವರು ಫೈಬರ್ ಸಂಪರ್ಕ ಹಾಕಿಸಿ ಮಕ್ಕಳು ಹಜಾರದಲ್ಲಿ ಎಲ್ಲರ ನಡುವೆಯೇ ನೋಡುವಂತೆ ಮಾಡುವುದು, ಏರಿಯ ಮೇಲಿನ ಏಕಾಂತಕ್ಕೆ ಬಿಡುವುದಕ್ಕಿಂತ ಮೇಲು. ಮನೆಗೆ ಇಂಟರ್‌ನೆಟ್ ತರಿಸಿದರೆ ಮಕ್ಕಳು ಕೆಡುತ್ತಾರೆ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಹನ್ನೆರಡು ಹದಿಮೂರು ದಾಟಿದ ಮೇಲೆ ಮೇಲ್ವಿಚಾರಣೆ ಕದ್ದು ನೋಡುವುದಾಗಿ ಬದಲಾಗುವ ಅಪಾಯ ಇನ್ನೂ ಹೆಚ್ಚು. ಮಗಳು ಸ್ನಾನಕ್ಕೆ ಹೋದಾಗ ಅವಳ ಚಾಟ್ ತೆರೆದು ನೋಡುವ ತಾಯಿಗೆ ಒಂದು ದಿನದ ಮಾಹಿತಿ ಸಿಗಬಹುದು. ಗೊತ್ತಾದ ಮರುದಿನದಿಂದ ಮಗಳು ಸಂದೇಶಗಳನ್ನು ಅಳಿಸುವುದನ್ನು ಕಲಿಯುತ್ತಾಳೆ, ನಿಜವಾಗಿಯೂ ತೊಂದರೆಯಾದ ದಿನ ಬಾಯಿ ಬಿಡುವುದಿಲ್ಲ. ಏನನ್ನು ನೋಡುತ್ತೇನೆ, ಏನನ್ನು ನೋಡುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಉತ್ತಮ. ‘ಯಾವ ಆ್ಯಪ್ ಇದೆ, ಎಷ್ಟು ಹೊತ್ತು ಬಳಸುತ್ತೀಯ, ಯಾರು ಯಾರು ನಿನ್ನನ್ನು ಫಾಲೋ ಮಾಡುತ್ತಾರೆ ಎಂಬುದನ್ನು ಭಾನುವಾರ ನಿನ್ನೊಂದಿಗೇ ಕುಳಿತು ನೋಡುತ್ತೇನೆ, ಗೆಳತಿಯರೊಂದಿಗಿನ ಮಾತನ್ನು ಓದುವುದಿಲ್ಲ, ಆದರೆ ನಿನ್ನ ಜೀವಕ್ಕೆ ಅಪಾಯವೆನ್ನಿಸಿದರೆ ಹೇಳಿಯೇ ಓದುತ್ತೇನೆ’ ಎಂಬುದು ನಾವು ಹಿರಿಯ ಮಗಳೊಂದಿಗೆ ಮಾಡಿಕೊಂಡ ಒಪ್ಪಂದ. ಅವಳು ಮೊದಲು ಒಪ್ಪಲಿಲ್ಲ. ನಮ್ಮ ಫೋನಿನ ಸಮಯವನ್ನೂ ಭಾನುವಾರ ತೋರಿಸಬೇಕೆಂದು ಹಟ ಹಿಡಿದಳು. ಆ ಬೇಡಿಕೆ ನ್ಯಾಯವಾಗಿತ್ತು, ತೋರಿಸಿದೆವು. ಕಾಫಿ ದರ ನೋಡುತ್ತೇವೆಂದು ಕೈಗೆತ್ತಿಕೊಂಡ ಫೋನು ಎಷ್ಟು ಗಂಟೆ ನುಂಗುತ್ತಿದೆಯೆಂಬುದು ನಮಗೂ ಆಗಲೇ ತಿಳಿದದ್ದು.

ತೊಂದರೆ ಬಂದಾಗ ಏನು ಮಾಡಬೇಕೆಂಬುದನ್ನು ತೊಂದರೆ ಬರುವ ಮೊದಲೇ ಮಕ್ಕಳಿಗೆ ಹೇಳಿರಬೇಕು. ಆಟದಲ್ಲೋ ಇನ್‌ಸ್ಟಾಗ್ರಾಂನಲ್ಲೋ ಪರಿಚಯವಾದ ಅಪರಿಚಿತರು ವಾರಗಟ್ಟಲೆ ಸ್ನೇಹದಿಂದ ಮಾತನಾಡಿ, ಒಂದು ಖಾಸಗಿ ಚಿತ್ರ ಪಡೆದು, ಆಮೇಲೆ ಅದನ್ನು ಎಲ್ಲರಿಗೂ ಕಳಿಸುತ್ತೇವೆಂದು ಹೆದರಿಸಿ ಹಣ ಕೇಳುವುದು ಈಗ ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಆಗುತ್ತಿದೆ. ಆ ಕ್ಷಣದಲ್ಲಿ ಮಗು ಬೆದರಿಸುವವನಿಗಿಂತ ಹೆಚ್ಚಾಗಿ ಅಪ್ಪನಿಗೆ ಹೆದರಿದರೆ ಅಪರಾಧಿಯ ಕೆಲಸ ಸುಲಭವಾಗುತ್ತದೆ. ‘ಏನೇ ಆಗಿರಲಿ, ನನಗೆ ಹೇಳಿದರೆ ಬೈಯುವುದಿಲ್ಲ, ಫೋನೂ ಕಿತ್ತುಕೊಳ್ಳುವುದಿಲ್ಲ’ ಎಂಬ ಮಾತನ್ನು ಕೊಟ್ಟಿರಬೇಕು, ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಹಣ ಕೊಡಬಾರದು, ಕೊಟ್ಟಷ್ಟೂ ಬೇಡಿಕೆ ಬೆಳೆಯುತ್ತದೆ. ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆ ಖಾತೆಯನ್ನು ಬ್ಲಾಕ್ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ 1930ಕ್ಕೆ ಎಷ್ಟು ಬೇಗ ಕರೆ ಮಾಡಿದರೆ ಅದನ್ನು ಮಧ್ಯದಲ್ಲಿ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆ ಗಂಡು ಹೆಣ್ಣೆಂಬ ಭೇದವಿಲ್ಲದೆ 18ರೊಳಗಿನ ಎಲ್ಲರಿಗೂ ರಕ್ಷಣೆ ಕೊಡುತ್ತದೆ. ಟೇಕ್ ಇಟ್ ಡೌನ್ ಎಂಬ ಅಂತರರಾಷ್ಟ್ರೀಯ ಉಚಿತ ಸೇವೆಯೂ ಇದೆ: ಚಿತ್ರವನ್ನು ಯಾರಿಗೂ ಕಳಿಸದೆ, ಅದನ್ನು ಗುರುತಿಸುವ ಸಂಕೇತವನ್ನು, ಅಂದರೆ ಅದರ ಡಿಜಿಟಲ್ ಬೆರಳಚ್ಚನ್ನು ಮಾತ್ರ ಫೋನಿನಲ್ಲೇ ತಯಾರಿಸಿ, ಅದರಲ್ಲಿ ಪಾಲ್ಗೊಂಡಿರುವ ಜಾಲತಾಣಗಳಿಗೆ ತಲುಪಿಸಿ ಅಂಥ ಚಿತ್ರ ಹರಡದಂತೆ ತಡೆಯಲು ಅದು ನೆರವಾಗುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆಯಾದ್ದರಿಂದ, ಅಂಥ ಆ್ಯಪ್‌ನ ಲಿಂಕ್ ಮಗನಿಗೆ ಬಂದಿದ್ದರೆ ಅದನ್ನು ಕಳಿಸಿದವರು ಕಾನೂನಿನ ಹೊರಗಿರುವವರೆಂದೇ ತಿಳಿಯಬೇಕು.

ಬಹಳ ಆಡುವ ಮಗುವೆಲ್ಲ ವ್ಯಸನಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೇ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಗೇಮಿಂಗ್ ವ್ಯಸನವೂ ಅದರಲ್ಲಿ ಸೇರಿತ್ತು. ಆದರೆ ಅದರ ಲಕ್ಷಣಗಳು ಖಚಿತವಾಗಿವೆ. ಆಟದ ಮೇಲೆ ಹತೋಟಿ ತಪ್ಪಿರಬೇಕು, ಊಟ ಓದು ಗೆಳೆತನಗಳಿಗಿಂತ ಅದೇ ಮೇಲಾಗಿರಬೇಕು, ಹಾನಿಯಾಗುತ್ತಿದೆ ಎಂದು ಕಂಡರೂ ಮುಂದುವರಿದಿರಬೇಕು, ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರಬೇಕು. ಹಾಗೆನ್ನಿಸಿದರೆ ಹರಕೆ, ಹೊಡೆತಗಳ ಮೊರೆ ಹೋಗುವ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ಇದಕ್ಕಾಗಿ ಶಟ್ ಕ್ಲಿನಿಕ್ ಎಂಬ ವಿಶೇಷ ಸೇವೆ ನಡೆಸುತ್ತಿದೆ.

ಇನ್ನು ಆರಂಭದಲ್ಲಿ ಹೇಳಿದ ಗಡುವಿನ ಮಾತು. ಕಾಫಿ ಸಸಿಯನ್ನು ಚಪ್ಪರದ ದಟ್ಟ ನೆರಳಿನಿಂದ ತೆಗೆದು ನೇರವಾಗಿ ಬಿಸಿಲಿಗೆ ಯಾರೂ ನೆಡುವುದಿಲ್ಲ. ನೆಡುವ ಕೆಲವು ವಾರ ಮೊದಲೇ ಚಪ್ಪರವನ್ನು ಸ್ವಲ್ಪ ಸ್ವಲ್ಪವಾಗಿ ತೆಳುಮಾಡಿ ಸಸಿಯನ್ನು ಬಿಸಿಲಿಗೆ ಒಗ್ಗಿಸುತ್ತಾರೆ. ಇಲ್ಲದಿದ್ದರೆ ಎಲೆ ಸುಡುತ್ತದೆ. ನೆಟ್ಟ ಮೇಲೂ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಅರೇಬಿಕಾ ಕಾಫಿಗೆ ಬಿಟ್ಟಷ್ಟು ನೆರಳನ್ನು ರೊಬಸ್ಟಾ ಕಾಫಿಗೆ ಬಿಡುವುದಿಲ್ಲ. ಮಕ್ಕಳಲ್ಲೂ ಅಣ್ಣನಿಗೆ ಹೊಂದಿದ ನಿಯಮ ತಂಗಿಗೆ ಹೊಂದಬೇಕೆಂದಿಲ್ಲ, ಆದರೆ ಇಬ್ಬರಿಗೂ ನೆರಳು ತೆಳುವಾಗುತ್ತ ಹೋಗಲೇಬೇಕು. ಐದನೇ ತರಗತಿಯವರೆಗೆ ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ, ಏಳರ ಹೊತ್ತಿಗೆ ಹಜಾರದಲ್ಲಿ ಒಬ್ಬರೇ, ಎಂಟು ಒಂಬತ್ತರಲ್ಲಿ ಮಿತಿಯನ್ನು ಮಗುವೇ ಸೂಚಿಸಿ ನಾವು ಒಪ್ಪುವುದು, ಹತ್ತರ ಪರೀಕ್ಷೆ ಮುಗಿದ ಮೇಲೆ ಬೀಗಗಳನ್ನು ಒಂದೊಂದಾಗಿ ತೆಗೆಯುವುದು ನಾವು ಅನುಸರಿಸಿದ ಕ್ರಮ. ಏಪ್ರಿಲ್ ಮೇ ತಿಂಗಳ ಆ ರಜೆ ಬಹಳ ಅಮೂಲ್ಯವಾದದ್ದು, ಏಕೆಂದರೆ ಎಡವಿದರೂ ಮಗು ಇನ್ನೂ ಮನೆಯಲ್ಲೇ ಇರುತ್ತದೆ. ಮಗಳು ಮೊದಲ ವಾರ ಬೆಳಗಿನ ಎರಡು ಗಂಟೆಯವರೆಗೆ ಎಚ್ಚರವಿದ್ದಳು, ನಾವು ತಡೆಯಲಿಲ್ಲ. ಎರಡನೇ ವಾರ ತಲೆನೋವೆಂದು ತಾನೇ ಇನ್‌ಸ್ಟಾಗ್ರಾಂಗೆ ಒಂದು ಗಂಟೆಯ ಮಿತಿ ಹಾಕಿಕೊಂಡಳು. ಮಿತಿಯನ್ನು ಹಲವು ಸಲ ಮೀರಿದಳು ಕೂಡ.

ಆ ಬೇಸಿಗೆಯ ಕೊನೆಗೆ ಅವಳ ಮೇಲೆ ಉಳಿದಿದ್ದ ನಿಯಮ ಒಂದೇ, ರಾತ್ರಿ ಮೊಬೈಲ್ ಹಜಾರದ ಕಪಾಟಿನ ಮೇಲೆ ಎಂಬುದು. ಹಾಸ್ಟೆಲ್ಲಿನ ಕೋಣೆಯಲ್ಲಿ ಅಂಥ ಕಪಾಟಿಲ್ಲ, ಕೇಳುವವರೂ ಇಲ್ಲ. ಹೊರಡುವ ಹಿಂದಿನ ದಿನ ಟ್ರಂಕು ತುಂಬುವಾಗ, ನಾವು ಏನೂ ಹೇಳದಿದ್ದರೂ, ಅವಳು ಹಜಾರದಿಂದ ಆ ಕೀಲಿ ಗಡಿಯಾರವನ್ನು ಎತ್ತಿಕೊಂಡು ಬಂದು ಬಟ್ಟೆಗಳ ನಡುವೆ ಇಟ್ಟುಕೊಂಡಳು.